ಅತ್ತೆ ಕುಡಿದದ್ದು ಮೊಮ್ಮಗುವಿನ ಕಣ್ಣಿಗೆ ಬರುತ್ತದಾ?

ಹೋದ ಸಲ ಮೆಳ್ಳೆಗಣ್ಣಿನ ಬಗ್ಗೆ ಬರೆದಾಗ ಕೊನೆಯಲ್ಲಿ ಒಂದೇ ಒಂದು ಸಾಲು ಸೇರಿಸಿದ್ದೆ. ಬಸುರಿಯಲ್ಲಿ ತಾಯಿ ಮದ್ಯ ಕುಡಿದಿದ್ದರೆ ಮಗುವಿನ ಕಣ್ಣಿಗೂ ಪೆಟ್ಟು ಬೀಳಬಹುದು ಅಂತ. ಈ ಸಲ ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಬೆನ್ನು ಹತ್ತಿ ಬಂದಿವೆ. ಹೆಚ್ಚಿನವು ಮಂಡ್ಯ ಕಡೆಯವು, ಉಳಿದವು ಮೈಸೂರಿನವು. ಕೆಲವರು ಹೆಸರು ಹಾಕಿಲ್ಲ. ಹಾಕಿದವರ ಹೆಸರನ್ನೂ ನಾನು ಇಲ್ಲಿ ತೆಗೆದಿದ್ದೇನೆ. ಮೈಸೂರಿನಲ್ಲಿ ಕೂತು ಮಕ್ಕಳ ಕಣ್ಣು ನೋಡುವ ನನಗೆ ಈ ವಿಷಯವನ್ನು ಯಾರೂ ಎದುರು ಕೂತು ಕೇಳುವುದಿಲ್ಲ, ಪತ್ರದಲ್ಲಿ ಕೇಳುತ್ತಾರೆ. ಪರವಾಗಿಲ್ಲ, ಕೇಳಿದ್ದೀರಲ್ಲ, ಅಷ್ಟು ಸಾಕು.

ಪ್ರ: ನಮ್ಮದು ಮದ್ದೂರು ತಾಲ್ಲೂಕು. ನನಗೀಗ ಮೂರು ತಿಂಗಳು. ನಮ್ಮ ಯಜಮಾನರ ಕಣ್ಣು ತುಂಬಾ ಚಿಕ್ಕವು, ಒಂದು ರೆಪ್ಪೆ ಜೋತುಬಿದ್ದಿದೆ, ದಪ್ಪ ಕನ್ನಡಕ ಹಾಕಿದರೂ ಪೂರ್ತಿ ಕಾಣುವುದಿಲ್ಲ. ಅವರು ಹೊಟ್ಟೆಯಲ್ಲಿದ್ದಾಗ ಅತ್ತೆ ಆಲೆಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರಂತೆ, ಮೈಕೈ ನೋವಿಗೆ ಅಂತ ದಿನಾ ರಾತ್ರಿ ಸಾರಾಯಿ ಪ್ಯಾಕೆಟ್ ಕುಡಿಯುತ್ತಿದ್ದರಂತೆ. ನಿಮ್ಮ ಬರಹ ಓದಿ ಹೇಳಿದ ಮೇಲೆ ಅವರೇ ಅಳುತ್ತಾ ಒಪ್ಪಿಕೊಂಡರು. ನಾನು ಒಂದು ಹನಿ ಮುಟ್ಟಿದವಳಲ್ಲ. ನನ್ನ ಮಗುವಿಗೂ ಆ ಕಣ್ಣು ಬರುತ್ತದಾ?

ಉ: ತಾಯಿ, ಮೊದಲು ನಿಮಗೆ ಬೇಕಾದ ಮಾತು ಹೇಳಿಬಿಡುತ್ತೇನೆ. ನಿಮ್ಮ ಯಜಮಾನರ ಕಣ್ಣು ಸಾರಾಯಿಯಿಂದಲೇ ಹಾಗಾಗಿದ್ದರೆ, ಅದು ಅವರು ಹೊಟ್ಟೆಯಲ್ಲಿ ಬೆಳೆಯುವಾಗ ಅವರಿಗೆ ಬಿದ್ದ ಪೆಟ್ಟು. ಬಣ್ಣ, ಎತ್ತರದ ಹಾಗೆ ಅದು ರಕ್ತದಲ್ಲಿ ಇಳಿದು ಬರುವುದಲ್ಲ. ನಿಮ್ಮ ಮಗುವಿನ ಕಣ್ಣು ನಿಮ್ಮ ಹೊಟ್ಟೆಯಲ್ಲಿ ಬೆಳೆಯುತ್ತಿದೆ, ಅಲ್ಲಿಗೆ ಸಾರಾಯಿ ಬಂದಿಲ್ಲ.

ಇದು ಯಾಕೆ ಹೀಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅತ್ತೆಗೂ ಓದಿ ಹೇಳಿ.

ಕಣ್ಣು ಅನ್ನುವುದು ಮಿದುಳಿನಿಂದಲೇ ಹೊರಗೆ ಚಾಚಿಕೊಂಡ ಭಾಗ. ಗರ್ಭ ನಿಂತ 22ನೇ ದಿನದ ಹೊತ್ತಿಗೆ, ಮುಂದೆ ಮಿದುಳಾಗುವ ಜಾಗದ ಎರಡು ಬದಿಯಲ್ಲಿ ಎರಡು ಸಣ್ಣ ಗುಳಿ ಬೀಳುತ್ತವೆ. ಅದೇ ಕಣ್ಣಿನ ಮೊದಲ ಗುರುತು. ಆಗ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಐದನೇ ವಾರಕ್ಕೆ ಆ ಗುಳಿ ಬಟ್ಟಲಾಗುತ್ತದೆ, ಬಟ್ಟಲಿನ ಬಾಯಿಗೆ ಲೆನ್ಸ್ ಕೂರುತ್ತದೆ. ಏಳನೇ ವಾರದ ಹೊತ್ತಿಗೆ ಬಟ್ಟಲಿನ ಅಡಿಯಲ್ಲಿದ್ದ ಸೀಳು ಮುಚ್ಚಿಕೊಳ್ಳುತ್ತದೆ. ಆಮೇಲೆ ರೆಪ್ಪೆಗಳು ಬೆಳೆದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸುಮಾರು 26ನೇ ವಾರಕ್ಕೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಕಣ್ಣಿನ ಹಿಂದಿನ ನರ, ಪರದೆಯ ರಕ್ತನಾಳ, ಇವುಗಳ ಕೆಲಸ ಹೆರಿಗೆಯವರೆಗೂ ನಡೆದೇ ಇರುತ್ತದೆ. ಅಂದರೆ ಕಣ್ಣಿಗೆ ಒಂಬತ್ತು ತಿಂಗಳೂ ಕೆಲಸದ ತಿಂಗಳೇ.

ತಾಯಿ ಕುಡಿದ ಆಲ್ಕೋಹಾಲನ್ನು ಮಾಸು ತಡೆಯುವುದಿಲ್ಲ. ಅವಳ ರಕ್ತದಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಮಗುವಿನ ರಕ್ತಕ್ಕೂ ಹೋಗುತ್ತದೆ. ಅದನ್ನು ಕರಗಿಸುವ ಶಕ್ತಿ ಮಗುವಿನ ಲಿವರ್‌ಗೆ ಇನ್ನೂ ಬಂದಿರುವುದಿಲ್ಲ. ಗರ್ಭದ ನೀರಿಗೂ ಸೇರಿಕೊಂಡು ಅಲ್ಲೇ ಉಳಿಯುತ್ತದೆ, ಮಗು ಅದನ್ನೇ ನುಂಗುತ್ತದೆ. ಕಣ್ಣು, ಮುಖ ಬೆಳೆಯುವಾಗ ಯಾವ ಜೀವಕಣ ಎಲ್ಲಿಗೆ ಹೋಗಬೇಕು ಅಂತ ಹೇಳುವ ಮೇಸ್ತ್ರಿಯ ಹಾಗೆ ಒಂದು ವಸ್ತು ಇದೆ. ರೆಟಿನೋಯಿಕ್ ಆಸಿಡ್ ಅಂತ. ಅದು ವಿಟಮಿನ್ ಎ ಯಿಂದ ತಯಾರಾಗುತ್ತದೆ. ಅದನ್ನು ತಯಾರಿಸುವ ಕೆಲಸಕ್ಕೆ ಆಲ್ಕೋಹಾಲ್ ಅಡ್ಡ ಬರುತ್ತದೆ. ಜೊತೆಗೆ ಮುಖದ ಕಡೆಗೆ ನಡೆದು ಬರುತ್ತಿರುವ ಎಳೇ ಕಣಗಳು ಅರ್ಧ ದಾರಿಯಲ್ಲೇ ಸಾಯುತ್ತವೆ. ಹಾಗಾಗಿ ಕಣ್ಣಿನ ಸೀಳು ಗಿಡ್ಡವಾಗುತ್ತದೆ, ಮೇಲ್ತುಟಿ ತೆಳ್ಳಗಾಗುತ್ತದೆ, ಮೂಗು ಮತ್ತು ತುಟಿಯ ನಡುವಿನ ಗುಳಿ ಅಳಿಸಿಹೋಗುತ್ತದೆ.

ಕನ್ನಡಕ ಹಾಕಿದರೂ ಪೂರ್ತಿ ಕಾಣುವುದಿಲ್ಲ ಅಂದಿರಲ್ಲ, ಅದಕ್ಕೂ ಒಂದು ಕಾರಣ ಇರಬಹುದು. ಇಂಥ ಮಕ್ಕಳ ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲ ಆದ ಮೇಲೆ ದೀಪ ಹಿಡಿದು ಒಳಗೆ ನೋಡಿದರೆ, ಕಣ್ಣಿನ ನರ ಒಳಗೆ ಬರುವ ಜಾಗ ದುಂಡಗೆ ಒಂದು ಬೊಟ್ಟಿನ ಹಾಗೆ ಕಾಣಬೇಕು. ಕೆಲವರಲ್ಲಿ ಅದು ತೀರಾ ಸಣ್ಣದು. ಅದರ ಸುತ್ತ ಖಾಲಿ ಜಾಗ, ಖಾಲಿ ಜಾಗದ ಸುತ್ತ ಇನ್ನೊಂದು ಬಳೆ. ದೊಡ್ಡ ಕುಂಡಕ್ಕೆ ಅಂತ ತೋಡಿದ ಗುಂಡಿಯಲ್ಲಿ ಸಣ್ಣ ಕುಂಡ ಇಟ್ಟಂತೆ. ರಕ್ತನಾಳಗಳು ನೇರ ಹೋಗುವುದು ಬಿಟ್ಟು ಹುರುಳಿ ಬಳ್ಳಿಯ ಹಾಗೆ ಸುತ್ತಿಕೊಂಡು ಹೋಗಿರುತ್ತವೆ. ನರದ ಎಳೆಗಳೇ ಕಡಿಮೆ, ಹಾಗಾಗಿ ಎಷ್ಟು ಒಳ್ಳೆಯ ಕನ್ನಡಕ ಕೊಟ್ಟರೂ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಕರ್ಸ್ಟಿನ್ ಸ್ಟ್ರೋಮ್‌ಲ್ಯಾಂಡ್ ಅನ್ನುವ ಕಣ್ಣಿನ ವೈದ್ಯೆ ವರ್ಷಗಟ್ಟಲೆ ಇಂಥ ಮಕ್ಕಳನ್ನು ನೋಡಿದರು. ತಾಯಿಯ ಕುಡಿತದಿಂದ ತೀವ್ರ ತೊಂದರೆಗೆ ಸಿಕ್ಕಿದ ಮಕ್ಕಳಲ್ಲಿ ಬಹುಪಾಲು ಮಂದಿಗೆ ಕಣ್ಣಿನಲ್ಲಿ ಒಂದಲ್ಲ ಒಂದು ದೋಷ ಇತ್ತು, ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಈ ನರವೇ ತೆಳ್ಳಗಿತ್ತು.

ಈಗ ತಲೆಮಾರಿನ ಮಾತು. ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ.

ಒಬ್ಬ ಬಸುರಿಯ ಹೊಟ್ಟೆಯಲ್ಲಿ ಹೆಣ್ಣು ಮಗು ಇದೆ ಅಂತ ಇಟ್ಟುಕೊಳ್ಳಿ. ಐದು ತಿಂಗಳಾಗುವಾಗ ಆ ಮಗುವಿನ ಅಂಡಾಶಯದಲ್ಲಿ ಆಗಲೇ 60-70 ಲಕ್ಷ ಅಂಡಕಣ ಇರುತ್ತವೆ. ಅದರಲ್ಲೇ ಒಂದು ಮುಂದೆ ಮೊಮ್ಮಗು ಆಗುವುದು. ಗಂಡು ಮಗುವಾದರೆ ಮುಂದೆ ವೀರ್ಯಾಣು ಕೊಡುವ ಮೂಲಕಣಗಳೂ ಆಗಲೇ ಅಲ್ಲಿರುತ್ತವೆ. ಅಂದರೆ ಆ ತಾಯಿ ಕುಡಿದರೆ ಆಲ್ಕೋಹಾಲ್ ಒಂದೇ ಸಲಕ್ಕೆ ಮೂರು ತಲೆಮಾರನ್ನು ಮುಟ್ಟಿಹೋಗುತ್ತದೆ: ಅವಳು, ಅವಳ ಮಗು, ಆ ಮಗುವಿನೊಳಗಿನ ಬೀಜ. ಹಾಗಾಗಿ ವಿಜ್ಞಾನಿಗಳು ಇದು ನಿಜಕ್ಕೂ ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತಿದೆ ಅಂತ ಹೇಳಬೇಕಾದರೆ ಮರಿಮಕ್ಕಳವರೆಗೆ ಕಾದು ನೋಡುತ್ತಾರೆ. ಮರಿಮಗುವನ್ನು ಆ ಮದ್ಯ ಮುಟ್ಟಿಯೇ ಇರುವುದಿಲ್ಲ ನೋಡಿ.

ಮುಟ್ಟಿದ್ದು ಬೀಜದಲ್ಲಿ ಏನು ಮಾಡುತ್ತದೆ? ಜೀನ್‌ಗಳನ್ನು ನಾಲೆ ಅಂದುಕೊಳ್ಳಿ, ನಿಮ್ಮ ಕಡೆಯ ವಿ.ಸಿ. ನಾಲೆಯ ಹಾಗೆ. ಆಲ್ಕೋಹಾಲ್ ನಾಲೆಯ ದಿಕ್ಕು ಬದಲಿಸುವುದಿಲ್ಲ. ಆದರೆ ಯಾವ ತೂಬು ಎಷ್ಟು ತೆರೆದಿರಬೇಕು ಅನ್ನುವುದನ್ನು ಏರುಪೇರು ಮಾಡುತ್ತದೆ. ಹೊಸ ಜೀವ ಶುರುವಾಗುವಾಗ ಹೆಚ್ಚಿನ ತೂಬುಗಳು ಮತ್ತೆ ಮೊದಲಿನ ಸ್ಥಿತಿಗೆ ಬರುತ್ತವೆ, ಹಳೆಯ ಗುರುತು ಅಳಿಸಿಹೋಗುತ್ತದೆ. ಕೆಲವು ಮಾತ್ರ ಅಳಿಯದೆ ಉಳಿಯುತ್ತವೆ. ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದಲ್ಲಿ ಬಸುರಿ ಇಲಿಗಳಿಗೆ ಆಲ್ಕೋಹಾಲ್ ಕೊಟ್ಟು ನೋಡಿದಾಗ, ಒತ್ತಡ ತಡೆಯಲು ಬೇಕಾದ ಒಂದು ಜೀನ್ ಮೇಲಿನ ಗುರುತು ಗಂಡು ಮರಿಗಳ ಮೂಲಕ ಮೂರನೇ ತಲೆಮಾರಿಗೂ ಹೋಯಿತು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಚಿಕ್ಕ ಇಲಿಗಳ ಮಿದುಳಿನ ಮೇಲ್ಪದರದಲ್ಲಿ ಆದ ಬದಲಾವಣೆಯೂ ಮೂರನೇ ತಲೆಮಾರಿನಲ್ಲಿ ಕಂಡಿತು. ಇವೆರಡೂ ಇಲಿಗಳಲ್ಲಿ, ಮಿದುಳಿನ ವಿಷಯದಲ್ಲಿ. ಅಜ್ಜಿ ಕುಡಿದಳು, ಅದಕ್ಕೆ ಮೊಮ್ಮಗುವಿನ ಕಣ್ಣು ಚಿಕ್ಕದಾಯಿತು ಅಂತ ಮನುಷ್ಯರಲ್ಲಿ ಯಾರೂ ಸಾಬೀತು ಮಾಡಿಲ್ಲ. ಇಲಿಯ ಸುದ್ದಿ ಓದಿ ನೀವು ರಾತ್ರಿ ನಿದ್ದೆ ಕೆಡಿಸಿಕೊಳ್ಳುವ ಹಾಗಿಲ್ಲ.

ನೀವು ಮಾಡಬೇಕಾದದ್ದು ಬೇರೆ ಇದೆ. ಯಜಮಾನರನ್ನು ಒಮ್ಮೆ ಕಣ್ಣಿನ ತಜ್ಞರಿಗೆ ತೋರಿಸಿ. ಜೋತುಬಿದ್ದ ರೆಪ್ಪೆ, ದೊಡ್ಡ ನಂಬರಿನ ಕನ್ನಡಕ, ಇವೆರಡೂ ಕುಡಿತದ ಸಂಬಂಧವೇ ಇಲ್ಲದೆ ವಂಶದಲ್ಲಿ ಬರುವುದೂ ಉಂಟು. ಅವರ ಅಪ್ಪನಿಗೆ, ದೊಡ್ಡಪ್ಪನಿಗೆ, ಅಕ್ಕತಂಗಿಯರಿಗೆ ಹೀಗಿದೆಯಾ ಕೇಳಿ. ನಿಮ್ಮದು ಸೋದರಿಕೆ ಮದುವೆಯಾಗಿದ್ದರೆ, ಸೋದರಮಾವನೋ ಅತ್ತೆ ಮಗನೋ ಆಗಿದ್ದರೆ, ಅದನ್ನು ಮರೆಯದೆ ಡಾಕ್ಟರಿಗೆ ಹೇಳಿ. ನಮ್ಮ ಕಡೆ ಸಾರಾಯಿಗಿಂತ ಹೆಚ್ಚು ಕಣ್ಣಿನ ಕಾಯಿಲೆಯನ್ನು ಪೀಳಿಗೆಗೆ ದಾಟಿಸುವುದು ಅದೇ ಅಂತ ನನ್ನ ಅನುಭವ. ಮಗು ಹುಟ್ಟಿದ ಮೇಲೆ ಒಂದು ತಿಂಗಳೊಳಗೆ ಒಮ್ಮೆ ಕಣ್ಣು ತೋರಿಸಿ.

ಇನ್ನು ಅತ್ತೆ. ಅವರು ಬಸುರಿಯಾಗಿ ಆಲೆಮನೆಯ ಒಲೆ ಮುಂದೆ ನಿಂತಿದ್ದ ಕಾಲಕ್ಕೆ ಸಾರಾಯಿ ಸರ್ಕಾರದ ಪರವಾನಗಿಯಲ್ಲೇ ಮಾರಾಟವಾಗುತ್ತಿತ್ತು, ಕರ್ನಾಟಕದಲ್ಲಿ ಅದು ನಿಂತದ್ದು 2007ರಲ್ಲಿ. ಹೊಟ್ಟೆಯ ಮಗುವಿಗೆ ಇದರಿಂದ ಹೀಗಾಗುತ್ತದೆ ಅಂತ ಫ್ರಾನ್ಸಿನ ಡಾಕ್ಟರ್ ಲೆಮ್ವಾನ್ 1968ರಲ್ಲಿ ಬರೆದರು. ಅಮೆರಿಕದ ಸಿಯಾಟಲ್‌ನ ಜೋನ್ಸ್ ಮತ್ತು ಸ್ಮಿತ್ 1973ರಲ್ಲಿ ಅದಕ್ಕೊಂದು ಹೆಸರು ಕೊಟ್ಟರು, ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ. ಆ ಮಾತು ನಿಮ್ಮ ಅತ್ತೆಯ ಕಿವಿಗೆ ಹಾಕಿದವರು ಯಾರು? ಒಬ್ಬರೂ ಇಲ್ಲ. ದಿನವಿಡೀ ಕಬ್ಬು ಹೊತ್ತ ಬೆನ್ನಿನ ನೋವಿಗೆ ಅವರಿಗೆ ಸಿಕ್ಕ ಮದ್ದು ಅದೊಂದೇ. ಅವರನ್ನು ದೂರಬೇಡಿ, ಯಾರಿಗೂ ದೂರಲು ಬಿಡಬೇಡಿ.

ಪ್ರ: ನಾನು ಮೈಸೂರಿನಲ್ಲಿ ಪಿಯು ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಹೇಳುತ್ತೇನೆ. ಗಿನಿಪಿಗ್‌ಗಳಿಗೆ ಆಲ್ಕೋಹಾಲ್ ಕೊಟ್ಟಾಗ ಮೊಮ್ಮರಿಗಳು ಕುರುಡಾಗಿ ಹುಟ್ಟಿದವು ಅಂತ ಎಲ್ಲೋ ಓದಿದ್ದೆ. ಅದು ನಿಜವೇ?

ಉ: ಪ್ರಯೋಗ ನಡೆದದ್ದು ನಿಜ. ನೂರು ವರ್ಷಕ್ಕೂ ಹಿಂದಿನ ಕಥೆ. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಚಾರ್ಲ್ಸ್ ಸ್ಟಾಕರ್ಡ್ ಅನ್ನುವವರು 1910ರ ಸುಮಾರಿಗೆ ಶುರುಮಾಡಿದರು. ಕುಡಿಸಿದರೆ ಹೊಟ್ಟೆ ಕೆಡುತ್ತದೆ ಅಂತ ಗಿನಿಪಿಗ್‌ಗಳನ್ನು ಒಂದು ತೊಟ್ಟಿಯೊಳಗೆ ಬಿಟ್ಟು ಆಲ್ಕೋಹಾಲಿನ ಹಬೆ ಉಸಿರಾಡಿಸಿದರು. ಮರಿಗಳಲ್ಲಿ ಬಹಳಷ್ಟು ಸತ್ತವು. ಬದುಕಿದವುಗಳಲ್ಲಿ, ಅವುಗಳ ಮರಿಗಳಲ್ಲೂ, ಲೆನ್ಸ್ ಮಬ್ಬಾದವು, ಕಣ್ಣು ಸಣ್ಣಗಿದ್ದವು, ಕಣ್ಣೇ ಇಲ್ಲದವು ಕಂಡವು. ಸ್ಟಾಕರ್ಡ್ ಜೊತೆ ಆ ಲೆಕ್ಕ ಬರೆದವರು ಜಾರ್ಜ್ ಪಾಪನಿಕೊಲಾವ್. ಹೌದು, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪತ್ತೆಗೆ ಇವತ್ತು ಮಾಡುವ ಪ್ಯಾಪ್ ಪರೀಕ್ಷೆ ಅವರ ಹೆಸರಿನದೇ, ಅದರ ಬೇರೂ ಅದೇ ಗಿನಿಪಿಗ್‌ಗಳ ಕೋಣೆಯಲ್ಲೇ ಇದೆ. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಆದರೆ ಆ ಫಲಿತಾಂಶ ಗಟ್ಟಿಯಾಗಿ ನಿಲ್ಲಲಿಲ್ಲ. ಆ ಪ್ರಾಣಿಗಳ ವಂಶದಲ್ಲೇ ಅಡಗಿದ್ದ ದೋಷ ಹೊರಗೆ ಬಂದಿರಬಹುದು ಅಂತ ಬೇರೆಯವರು ತಕರಾರು ತೆಗೆದರು. ಇಂಗ್ಲೆಂಡಿನಲ್ಲಿ ಮತ್ತೆ ಗಿನಿಪಿಗ್‌ಗಳ ಮೇಲೆ ಮಾಡಿ ನೋಡಿದಾಗ ಹಾಗೆ ಕಾಣಲಿಲ್ಲ. ಅಮೆರಿಕದ ಜೀವಶಾಸ್ತ್ರಜ್ಞ ರೇಮಂಡ್ ಪರ್ಲ್ ಕೋಳಿಗಳ ಮೇಲೆ ಮಾಡಿದಾಗ ಉಳಿದ ಮರಿಗಳು ಇನ್ನೂ ಗಟ್ಟಿಯಾಗಿದ್ದವು, ಯಾಕೆಂದರೆ ದುರ್ಬಲವಾದವು ಮೊದಲೇ ಸತ್ತಿದ್ದವು. ಈ ನಡುವೆ ಅಮೆರಿಕದಲ್ಲಿ ಪಾನನಿಷೇಧ ಬಂತು, 1933ರಲ್ಲಿ ಹೋಯಿತು, ಅದರ ಜೊತೆಗೆ ಈ ಇಡೀ ವಿಷಯವೇ ಮೂಲೆಗೆ ಬಿತ್ತು. ನನಗೆ ಬೇಸರ ಆಗುವುದು ಇದಕ್ಕೆ. ಪೀಳಿಗೆಯ ಮಾತು ತಪ್ಪಿರಬಹುದು ಅಂದವರು, ಹೊಟ್ಟೆಯ ಮಗುವಿಗೂ ಏನೂ ಆಗುವುದಿಲ್ಲ ಅಂತಲೇ ತೀರ್ಮಾನ ಮಾಡಿಬಿಟ್ಟರು. ಮತ್ತೆ ಆ ಬಾಗಿಲು ತೆರೆಯಲು 1968, 1973 ಬರಬೇಕಾಯಿತು. 1981ರಲ್ಲಿ ಅಮೆರಿಕದ ವಿಜ್ಞಾನಿ ಕ್ಯಾಥ್ಲೀನ್ ಸುಲಿಕ್ ಬಸುರಿ ಚಿಕ್ಕ ಇಲಿಗಳಿಗೆ ಏಳನೇ ದಿನ ಆಲ್ಕೋಹಾಲ್ ಕೊಟ್ಟರು. ಅದು ಮನುಷ್ಯರ ಮೂರನೇ ವಾರಕ್ಕೆ ಸಮ. ಮರಿಗಳಿಗೆ ಅದೇ ಸಣ್ಣ ಕಣ್ಣು, ಅದೇ ಮುಖ ಬಂತು. ಆಗ ಯಾರಿಗೂ ಅನುಮಾನ ಉಳಿಯಲಿಲ್ಲ.

ಈಗ ಜೀಬ್ರಾ ಮೀನಿನ ಮೇಲೆ ಈ ಕೆಲಸ ನಡೆಯುತ್ತಿದೆ. ಅದರ ಮೊಟ್ಟೆ ಗಾಜಿನಷ್ಟು ತಿಳಿ, ಕಣ್ಣು ಮೂಡುವುದು ಹೊರಗಿನಿಂದಲೇ ಕಾಣುತ್ತದೆ. ನೀರಿಗೆ ಆಲ್ಕೋಹಾಲ್ ಬೆರೆಸಿದರೆ ಕಣ್ಣು ಚಿಕ್ಕದಾಗುತ್ತದೆ. ಜೊತೆಗೆ ರೆಟಿನೋಯಿಕ್ ಆಸಿಡ್ ಅಥವಾ ಫೋಲಿಕ್ ಆಸಿಡ್ ಕೊಟ್ಟರೆ ಸ್ವಲ್ಪ ಮಟ್ಟಿಗೆ ಸುಧಾರಿಸುತ್ತದೆ.

ಪ್ರ: ಮೈಸೂರಿನಲ್ಲೇ ಕೆಲಸ. ಬಸುರಿ ಅಂತ ಗೊತ್ತಿಲ್ಲದೆ ಸ್ನೇಹಿತರ ಮದುವೆಯಲ್ಲಿ ಎರಡು ಮೂರು ಗ್ಲಾಸ್ ವೈನ್ ಕುಡಿದೆ. ಲೆಕ್ಕ ಹಾಕಿದರೆ ಆಗ ಐದು ವಾರ. ಈಗ ಒಂಬತ್ತು ವಾರ. ಅಮ್ಮನಿಗೂ ಹೇಳಿಲ್ಲ. ನಾನು ಮಗುವಿನ ಕಣ್ಣು ಕಿತ್ತುಕೊಂಡೆನಾ?

ಉ: ಇಲ್ಲಮ್ಮ. ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ.

ಡಾಕ್ಟರು ಹೇಳುವ ಐದು ವಾರ ಕೊನೆಯ ಮುಟ್ಟಿನಿಂದ ಎಣಿಸಿದ್ದು. ಮಗುವಿನ ಲೆಕ್ಕದಲ್ಲಿ ಅದು ಮೂರು ವಾರ. ಕಣ್ಣಿನ ಗುಳಿ ಮೂಡುವ ಹೊತ್ತು ಅದೇ, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಸಂಜೆ ಕುಡಿದ ಮಾತ್ರಕ್ಕೆ ಮಗುವಿಗೆ ತೊಂದರೆ ಆಗಿಯೇ ತೀರುತ್ತದೆ ಅಂತ ಅರ್ಥ ಅಲ್ಲ. ದಿನಾ ಕುಡಿಯುವುದು, ಒಂದೇ ಸಲಕ್ಕೆ ಮಿತಿಮೀರಿ ಕುಡಿಯುವುದನ್ನು ಮತ್ತೆ ಮತ್ತೆ ಮಾಡುವುದು, ಅಪಾಯ ಹೆಚ್ಚುವುದು ಅಲ್ಲಿ. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಅಂತ ಅಳತೆ ಹಾಕಿಕೊಟ್ಟವರು ಯಾರೂ ಇಲ್ಲ, ಅದಕ್ಕೇ ಪೂರ್ತಿ ಬಿಡಿ ಅನ್ನುವುದು. ನೀವು ಬಿಟ್ಟಾಗಿದೆ. ಕಣ್ಣಿನ ಕೆಲಸ ಇನ್ನೂ ಏಳು ತಿಂಗಳು ಬಾಕಿ ಇದೆ, ಅದೆಲ್ಲ ನಿರಾಳವಾಗಿ ನಡೆಯುತ್ತದೆ.

ನಿಮ್ಮ ಹೆರಿಗೆ ಡಾಕ್ಟರಿಗೆ ಇದನ್ನು ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಹೇಳಿದರೆ 18-20 ವಾರದ ಸ್ಕ್ಯಾನ್‌ನಲ್ಲಿ ಮುಖ, ಹೃದಯವನ್ನು ಇನ್ನಷ್ಟು ಗಮನ ಇಟ್ಟು ನೋಡುತ್ತಾರೆ. ಫೋಲಿಕ್ ಆಸಿಡ್ ಮಾತ್ರೆ ತಪ್ಪಿಸಬೇಡಿ. ಇನ್ನೊಂದು ಮಾತು, ಮೇಲೆ ವಿಟಮಿನ್ ಎ ವಿಷಯ ಬರೆದಿದ್ದೇನೆ ಅಂತ ಔಷಧಿ ಅಂಗಡಿಗೆ ಹೋಗಿ ಅದರ ಗುಳಿಗೆ ತೆಗೆದುಕೊಳ್ಳಬೇಡಿ. ಬಸುರಿಯಲ್ಲಿ ವಿಟಮಿನ್ ಎ ಅತಿಯಾದರೆ ಅದೇ ಮಗುವಿಗೆ ಕೆಡುಕು. ಕ್ಯಾರೆಟ್, ಸೊಪ್ಪು, ಮಾವು, ಪರಂಗಿಯ ಬಣ್ಣದ ಕುಂಬಳ ಊಟದಲ್ಲಿ ಇರಲಿ, ಸಾಕು.

ಅಮ್ಮನಿಗೂ ಹೇಳಿ ನೋಡಿ. ಒಬ್ಬರೇ ಹೊತ್ತುಕೊಂಡು ತಿರುಗುವ ವಿಷಯ ಅಲ್ಲ ಇದು.

ಪ್ರ: ನಂಜನಗೂಡಿನಿಂದ. ನಮ್ಮ ಮನೆಯಲ್ಲಿ ಬಾಣಂತಿಗೆ ಚಳಿ ಆಗದ ಹಾಗೆ ಒಂದು ಚಮಚ ಬ್ರಾಂದಿ ಕೊಡುವ ರೂಢಿ. ಮಗುವಿಗೂ ನೆಗಡಿಯಾದರೆ ನಾಲಿಗೆಗೆ ಸವರುತ್ತೇವೆ. ದಶಮೂಲಾರಿಷ್ಟವನ್ನೂ ಕೊಡುತ್ತೇವೆ. ಇವೂ ಕುಡಿತವೇ ಆಯಿತಾ? ನಾನು ಐದು ಬಾಣಂತನ ಮಾಡಿದವಳು.

ಉ: ಐದು ಬಾಣಂತನ ಮಾಡಿದ ಕೈಗೆ ನಮಸ್ಕಾರ. ಒಂದೊಂದಾಗಿ ಹೇಳುತ್ತೇನೆ.

ಮಗುವಿನ ನಾಲಿಗೆಗೆ ಬ್ರಾಂದಿ ಬೇಡವೇ ಬೇಡ. ಎಳೇ ಮಗುವಿಗೆ ಸ್ವಲ್ಪ ಆಲ್ಕೋಹಾಲ್ ಹೋದರೂ ರಕ್ತದ ಸಕ್ಕರೆ ಸರ್ರನೆ ಇಳಿಯಬಹುದು, ಫಿಟ್ಸ್ ಬರಬಹುದು. ಮಗು ಸುಮ್ನೆ ಮಲಗಿದೆ, ನೆಗಡಿ ಬಿಟ್ಟಿತು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಅಮಲು, ನಿದ್ದೆ ಅಲ್ಲ. ಬಾಣಂತಿ ಕುಡಿದದ್ದು ಎದೆಹಾಲಿಗೂ ಬರುತ್ತದೆ, ರಕ್ತದಲ್ಲಿ ಎಷ್ಟಿದೆಯೋ ಅಷ್ಟೇ. ಹುಟ್ಟಿದ ಮೇಲೂ ಕಣ್ಣಿನ ಪರದೆಯ ನಡುಭಾಗ, ನಾವು ಅಕ್ಷರ ಓದುವ ಜಾಗ, ಇನ್ನೂ ಬಲಿಯುತ್ತಾ ಇರುತ್ತದೆ. ಚಳಿಗೆ ಬಿಸಿ ಸಾರು ಕೊಡಿ, ಮೆಣಸು ಬೆಳ್ಳುಳ್ಳಿ ಹಾಕಿದ್ದು, ನಿಮಗೆ ನಾನು ಹೇಳಿಕೊಡಬೇಕಾ.

ಅರಿಷ್ಟ, ಆಸವಗಳ ವಿಷಯ ಬೇರೆ. ಅವನ್ನು ಹುದುಗು ಬರಿಸಿ ಮಾಡುವುದರಿಂದ ಆಲ್ಕೋಹಾಲ್ ಅದರಲ್ಲೇ ಹುಟ್ಟುತ್ತದೆ, ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಭಾಗ. ಬಾಟಲಿಯ ಚೀಟಿಯ ಮೇಲೆ ಬರೆದಿರುತ್ತಾರೆ, ಓದಿ. ಎರಡು ಚಮಚದಲ್ಲಿ ಅದು ಕಡಿಮೆಯೇ. ಆದರೆ ಬಸುರಿಯಾಗಿರುವಾಗ ಪಕ್ಕದ ಮನೆಯವರು ಹೇಳಿದರು ಅಂತ ಕೊಡಬೇಡಿ. ಆಯುರ್ವೇದ ವೈದ್ಯರನ್ನೇ ಕೇಳಿ, ಹುದುಗು ಬರದ ಕಷಾಯದ ರೂಪದಲ್ಲಿ ಕೊಡುತ್ತಾರೆ. ಕೆಮ್ಮಿನ ಸಿರಪ್ಪಿಗೂ ಇದೇ ಮಾತು.

ಪ್ರ: ನನ್ನ ಮಗುವಿನ ಪಾಪೆ ದುಂಡಗಿಲ್ಲ, ಕೆಳಗೆ ಸೀಳಿದೆ, ಬೀಗದ ಕೈ ಹಾಕುವ ತೂತಿನ ಹಾಗೆ. ಗ್ರಹಣದ ದಿನ ನಾನು ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಿದ್ದಕ್ಕೆ ಹೀಗಾಯಿತು ಅನ್ನುತ್ತಾರೆ. ಮಂಡ್ಯ.

ಉ: ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಈಳಿಗೆಮಣೆಗೂ ಇಲ್ಲ. ಮೇಲೆ ಹೇಳಿದೆನಲ್ಲ, ಏಳನೇ ವಾರದ ಹೊತ್ತಿಗೆ ಮುಚ್ಚಬೇಕಾದ ಸೀಳು, ಅದು ನಿಮ್ಮ ಮಗುವಿನಲ್ಲಿ ಪೂರ್ತಿ ಮುಚ್ಚಿಕೊಂಡಿಲ್ಲ. ಜೀನ್ ಕಾರಣ ಇರಬಹುದು, ಕೆಲವರಲ್ಲಿ ಆಲ್ಕೋಹಾಲ್, ಕೆಲವರಲ್ಲಿ ಯಾವುದೋ ಔಷಧಿ. ಮುಂದೆ ಕಾಣುವ ಸೀಳಿಗಿಂತ ಹಿಂದೆ ಪರದೆಯಲ್ಲೂ ಸೀಳು ಇದೆಯಾ ಅನ್ನುವುದು ಮುಖ್ಯ. ಆದಷ್ಟು ಬೇಗ ಹನಿ ಹಾಕಿಸಿ ನೋಡಿಸಿ. ಹೃದಯ, ಕಿವಿ, ಕಿಡ್ನಿಯನ್ನೂ ಒಮ್ಮೆ ನೋಡಲು ಹೇಳಿ, ಇವು ಕೆಲವು ಸಲ ಒಟ್ಟಿಗೆ ಬರುತ್ತವೆ.

ಪ್ರ: ಪಾಂಡವಪುರ. ನಾನು ದಿನಾ ಸಂಜೆ ತೆಗೆದುಕೊಳ್ಳುತ್ತೇನೆ. ಮುಂದಿನ ವರ್ಷ ಮಗು ಮಾಡಿಕೊಳ್ಳೋಣ ಅಂತ ಇದ್ದೇವೆ. ಹೆಂಡತಿ ನಿಮ್ಮ ಬರಹ ತೋರಿಸಿ ಜಗಳ ಮಾಡುತ್ತಾಳೆ. ಹೊಟ್ಟೆ ಅವಳದು, ನಾನು ಕುಡಿದರೆ ಮಗುವಿನ ಕಣ್ಣಿಗೆ ಏನು?

ಉ: ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ನೀವು ಕುಡಿದದ್ದು ಮಗುವಿನ ರಕ್ತಕ್ಕೆ ಹೋಗುವುದಿಲ್ಲ. ಆದರೆ ಮಗುವಿನ ಅರ್ಧ ಬೀಜ ನಿಮ್ಮದು. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆ ಎರಡೂವರೆ ತಿಂಗಳೂ ನೀವು ಕುಡಿದದ್ದರಲ್ಲೇ ಅದು ನೆನೆದಿರುತ್ತದೆ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಗೋಲ್ಡಿಂಗ್ ಅವರ ತಂಡ ಗಂಡು ಇಲಿಗಳಿಗೆ ಮಾತ್ರ ಆಲ್ಕೋಹಾಲ್ ಕೊಟ್ಟು ನೋಡಿತು. ತಾಯಿ ಇಲಿಗಳಿಗೆ ಒಂದು ಹನಿಯೂ ಇಲ್ಲ. ಆದರೂ ಮರಿಗಳ ಮುಖದ, ತಲೆಬುರುಡೆಯ ಬೆಳವಣಿಗೆಯಲ್ಲಿ ವ್ಯತ್ಯಾಸ ಬಂತು. 2023ರಲ್ಲಿ ಅದು ಪ್ರಕಟವಾಯಿತು. ಇಲಿ ಇಲಿಯೇ, ಮನುಷ್ಯ ಅಲ್ಲ, ಒಪ್ಪಿದೆ. ಆದರೆ ಐವತ್ತು ವರ್ಷದಿಂದ ಮಗುವಿಗೆ ಏನಾದರೂ ತಾಯಿಯನ್ನು ಮಾತ್ರ ಕೇಳುತ್ತಾ ಬಂದೆವಲ್ಲ, ಅಪ್ಪನನ್ನು ಒಂದು ಮಾತು ಕೇಳಲಿಲ್ಲವಲ್ಲ, ಅದು ತಪ್ಪು ಅಂತ ನನಗಂತೂ ಅನಿಸುತ್ತದೆ.

ಮಗು ಬೇಕು ಅಂದುಕೊಂಡದ್ದಕ್ಕೆ ಮೂರು ತಿಂಗಳು ಮೊದಲೇ ನಿಲ್ಲಿಸಿ. ದಿನಾ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಕ, ಬೆವರು, ಫಿಟ್ಸ್ ಬರಬಹುದು, ಹಾಗಾಗಿ ಡಾಕ್ಟರನ್ನು ಕಂಡೇ ನಿಲ್ಲಿಸಿ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ನೀವು ಬಿಟ್ಟರೆ ಇನ್ನೊಂದು ಲಾಭ ಇದೆ. ಗಂಡ ಕುಡಿಯುವ ಮನೆಯಲ್ಲಿ ಬಸುರಿಗೆ ಊಟ, ನಿದ್ದೆ, ನೆಮ್ಮದಿ ಯಾವುದೂ ಸರಿಯಾಗಿ ಸಿಗುವುದಿಲ್ಲ. ನಿಮ್ಮ ಹೆಂಡತಿ ಜಗಳ ಮಾಡುತ್ತಿರುವುದು ಇನ್ನೂ ಹುಟ್ಟದ ಮಗುವಿನ ಪರವಾಗಿ. ಕೇಳಿ.

ಪ್ರ: ನಾನು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಟೀಚರ್. ಎರಡನೇ ಕ್ಲಾಸಿನ ಒಬ್ಬ ಹುಡುಗ ಪುಸ್ತಕವನ್ನು ಮೂಗಿಗೆ ಅಂಟಿಸಿಕೊಂಡು ಓದುತ್ತಾನೆ. ಮೆಳ್ಳೆಗಣ್ಣು. ಕೂತಲ್ಲಿ ಕೂರುವುದಿಲ್ಲ, ಹೇಳಿದ್ದು ಐದು ನಿಮಿಷಕ್ಕೆ ಮರೆಯುತ್ತಾನೆ. ಕಣ್ಣು ಚಿಕ್ಕವು, ತುಟಿ ತೆಳು. ತಾಯಿ ಕುಡಿಯುತ್ತಾಳೆ ಅಂತ ಊರೆಲ್ಲ ಹೇಳುತ್ತದೆ. ಮೆಳ್ಳೆಗಣ್ಣು ಅದೃಷ್ಟ, ಮುಟ್ಟಬೇಡಿ ಅಂತ ಅಜ್ಜಿ ಹೇಳುತ್ತಾಳೆ. ನಾನೇನು ಮಾಡಲಿ?

ಉ: ಮೇಡಂ, ಈ ಪತ್ರಕ್ಕಾಗಿಯೇ ಇಡೀ ಅಂಕಣ ಬರೆದೆ ಅಂದರೂ ತಪ್ಪಿಲ್ಲ. ಬೇರೆ ಯಾರೂ ಆ ಹುಡುಗನನ್ನು ಇಷ್ಟು ಹತ್ತಿರದಿಂದ ನೋಡಿಲ್ಲ.

ಮುಖ ನೋಡಿ ಕಾಯಿಲೆ ಹೆಸರಿಸಬೇಡಿ. ಇದಕ್ಕೆ ರಕ್ತ ಪರೀಕ್ಷೆ ಇಲ್ಲ. ಮುಖ, ಬೆಳವಣಿಗೆ, ಮಿದುಳಿನ ಕೆಲಸ, ತಾಯಿಯ ವಿವರ ಎಲ್ಲ ಸೇರಿಸಿ ಮಕ್ಕಳ ಡಾಕ್ಟರು ಹೇಳಬೇಕಾದದ್ದು. ತಾಯಿಯನ್ನು ಕರೆದು ನೀವು ಕುಡಿಯುತ್ತಿದ್ರಾ ಅಂತ ಕೇಳಬೇಡಿ. ಕೇಳಿದರೆ ಮಾರನೇ ದಿನದಿಂದ ಹುಡುಗ ಶಾಲೆಗೆ ಬರುವುದಿಲ್ಲ. ನಿಮ್ಮ ಮಗನಿಗೆ ಬೋರ್ಡ್ ಕಾಣುತ್ತಿಲ್ಲ, ಕಣ್ಣು ತೋರಿಸೋಣ ಬನ್ನಿ, ನಾನೂ ಬರುತ್ತೇನೆ ಅನ್ನಿ. ಅಷ್ಟು ಸಾಕು.

ಅಜ್ಜಿಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಮೆಳ್ಳೆಗಣ್ಣಿನಲ್ಲಿ ಮಿದುಳು ಒಂದು ಕಣ್ಣಿನ ಚಿತ್ರವನ್ನು ಬೇಡ ಅಂತ ತಳ್ಳಿಬಿಡುತ್ತದೆ. ತಳ್ಳುತ್ತಾ ತಳ್ಳುತ್ತಾ ಆ ಕಣ್ಣು ಸೋಮಾರಿಯಾಗುತ್ತದೆ. ಏಳೆಂಟು ವರ್ಷದೊಳಗೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿದರೆ ಚೆನ್ನಾಗಿ ವಾಪಸು ಬರುತ್ತದೆ. ತಡವಾದಷ್ಟೂ ಕಷ್ಟ. ಎರಡನೇ ಕ್ಲಾಸ್ ಅಂದರೆ ಹುಡುಗನಿಗೆ ಏಳು ಇರಬೇಕು ಅಲ್ವಾ? ಹಾಗಾದರೆ ದಸರಾ ರಜೆ ಬರಲಿ ಅಂತ ಕಾಯುವ ಹಾಗಿಲ್ಲ.

ತಾಯಿಯ ಕುಡಿತವೇ ಕಾರಣವಾಗಿದ್ದರೂ ಸರಿಮಾಡಬಹುದಾದದ್ದು ಬಹಳ ಇದೆ. ತೆಳ್ಳಗಾದ ನರವನ್ನು ದಪ್ಪ ಮಾಡಲು ಆಗುವುದಿಲ್ಲ. ಆದರೆ ಕನ್ನಡಕದ ನಂಬರು, ಮೆಳ್ಳೆ, ಜೋತ ರೆಪ್ಪೆ, ಪೊರೆ, ಇವೆಲ್ಲಕ್ಕೂ ಚಿಕಿತ್ಸೆ ಇದೆ. ನಾನು ಒಂದು ಹುಡುಗಿಗೆ ಮೊದಲ ಸಲ ಕನ್ನಡಕ ಹಾಕಿದ್ದು ನೆನಪಿದೆ. ಅವಳು ಬಾಗಿಲಾಚೆ ನೋಡಿ, ಆ ಮರಕ್ಕೆ ಎಲೆ ಬೇರೆ ಬೇರೆ ಇದೆ ಅಂದಳು. ಅಲ್ಲಿಯವರೆಗೆ ಅವಳಿಗೆ ಮರ ಅಂದರೆ ಒಂದು ಹಸಿರು ಗುಡ್ಡೆ. ಅವಳ ಚಂಚಲತೆ ಪೂರ್ತಿ ಹೋಗಲಿಲ್ಲ, ಆದರೆ ಅರ್ಧ ಚಂಚಲತೆ ಕಾಣದೇ ಇದ್ದದ್ದಕ್ಕೆ ಅಂತ ಆಮೇಲೆ ಗೊತ್ತಾಯಿತು.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ. ಅದರ ತಂಡ ನಿಮ್ಮ ಶಾಲೆಗೂ ವರ್ಷಕ್ಕೊಮ್ಮೆ ಬರುತ್ತದೆ. ಈ ವರ್ಷ ಬಂದು ಹೋಗಿದ್ದರೆ ಮತ್ತೆ ಫೋನ್ ಮಾಡಿ, ಆಶಾ ಕಾರ್ಯಕರ್ತೆಯ ಹತ್ತಿರ ನಂಬರ್ ಇರುತ್ತದೆ. ಅವರ ಚೀಟಿ ಇದ್ದರೆ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ಕಣ್ಣು ಮತ್ತು ಮಕ್ಕಳ ವಿಭಾಗ ಎರಡನ್ನೂ ಒಂದೇ ಸಲ ತೋರಿಸಬಹುದು. ಮಾತು ತಡವರಿಸಿದರೆ, ಕೂಗಿದರೆ ತಿರುಗದಿದ್ದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೂ ಒಂದು ದಿನ ಕರೆದುಕೊಂಡು ಹೋಗಿ. ಇಂಥ ಮಕ್ಕಳಲ್ಲಿ ಕಿವಿಗೂ ತೊಂದರೆ ಇರುವುದುಂಟು, ಅದನ್ನು ದಡ್ಡತನ ಅಂತ ಬೈಯುತ್ತಾ ಇರುತ್ತೇವೆ.

ಶಾಲೆಯಲ್ಲಿ ಅವನನ್ನು ಮುಂದಿನ ಸಾಲಿನ ನಡುವೆ ಕೂರಿಸಿ, ಕಿಟಕಿಯ ಬೆಳಕು ಬೆನ್ನ ಹಿಂದಿನಿಂದ ಬರಲಿ. ಬೋರ್ಡ್ ಮೇಲೆ ದೊಡ್ಡದಾಗಿ, ಒಂದು ಸಲಕ್ಕೆ ಎರಡು ಮೂರು ಸಾಲು ಮಾತ್ರ ಬರೆಯಿರಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಪಟ್ಟಿ ಕಟ್ಟಿಕೊಂಡು ಬಂದ ದಿನ ಬೇರೆ ಮಕ್ಕಳು ನಗದ ಹಾಗೆ ನೋಡಿಕೊಳ್ಳಿ. ಆಸ್ಪತ್ರೆಗೆ ಹೋಗುವಾಗ ತಾಯಿಯ ಹತ್ತಿರ ಹಳೆಯ ತಾಯಿ ಕಾರ್ಡ್ ಇದ್ದರೆ ತರಲು ಹೇಳಿ, ಹುಟ್ಟಿದಾಗಿನ ತೂಕ ಅದರಲ್ಲಿರುತ್ತದೆ. ಕಣ್ಣಿಗೆ ಹನಿ ಹಾಕಿದ ದಿನ ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಬ್ಬಾಗುತ್ತದೆ. ತಲೆಗೆ ಒಂದು ಟೋಪಿ ಹಾಕಿ ಕರೆದುಕೊಂಡು ಬನ್ನಿ. ಆವತ್ತು ಅವನಿಗೆ ಹೋಂವರ್ಕ್ ಕೊಡಬೇಡಿ.